ಹಾಸ್ಟೆಲ್ ಚರಂಡಿಗೆ ಗಾಜ್ ಬಟ್ಟೆ ಕಟ್ಟಿ ವೈರಸ್ ಹಿಡಿದದ್ದು: ನನ್ನ ಅನುಭವ

ಆಟೋಸ್ಯಾಂಪ್ಲರ್ (ಹೊತ್ತುಹೊತ್ತಿಗೆ ತಾನೇ ನೀರು ಹೀರಿ ಕೂಡಿಡುವ ಯಂತ್ರ) ಇಲ್ಲದೆ ಹಾಸ್ಟೆಲ್ ಮಟ್ಟದಲ್ಲಿ ಕೊಳಚೆನೀರಿನ ಕಣ್ಗಾವಲು, ಅಂದರೆ ಚರಂಡಿ ನೀರಿನಲ್ಲಿ ಕೊರೊನಾದಂಥ ವೈರಸ್‌ನ ಸುಳಿವು ಹುಡುಕುವುದು, ಆಗದು ಎಂದು ನನಗೆ ಹೇಳದವರೇ ಇರಲಿಲ್ಲ. ವಿಭಾಗದ ಹಿರಿಯರು ಬಾಯಲ್ಲಿ ಹೇಳಿದರು, ಅನುದಾನ ಸಮಿತಿಯವರು ಬರೆದೇ ಕೊಟ್ಟರು. ನಾವು ಯಂತ್ರದ ಬದಲು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಚರಂಡಿಯಲ್ಲಿ ಇಳಿಬಿಡುತ್ತೇವೆ. ಮೊದಲ ಪ್ರಬಂಧ ನೋಡಿದ ವಿಮರ್ಶಕರೊಬ್ಬರು, ಆ ಬಟ್ಟೆಯೊಳಗಿಂದ ಎಷ್ಟು ಲೀಟರ್ ನೀರು ಹರಿಯಿತೆಂದೇ ಗೊತ್ತಿಲ್ಲದ ಮೇಲೆ ಈ ಅಂಕಿಗಳಿಗೆ ಅರ್ಥವೇನು ಎಂದು ಕೇಳಿ ವಾಪಸ್ ಕಳಿಸಿದರು. ಈಗ ಹತ್ತು ಹನ್ನೆರಡು ಹಾಸ್ಟೆಲ್‌ಗಳಿಂದ ವಾರಕ್ಕೆರಡು ಸಲ ಮಾದರಿ ಬರುತ್ತಿದೆ. ನಮ್ಮ ವರದಿ ಕೈಗೆ ಬರುವ ತನಕ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರ ವಾರದ ತಪಾಸಣೆಯ ಯೋಜನೆ ಹಾಕುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಆರ್‌ಟಿ-ಕ್ಯೂಪಿಸಿಆರ್ (ವೈರಸ್‌ನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನು ಪ್ರತಿ ಮಾಡುತ್ತಾ ಅಳೆಯುವ ಪರೀಕ್ಷೆ) ಗೊತ್ತಿರುವವರಿಗೆ ಇದು. ಪಾಠ ಹೇಳಲು ಹೋಗುವುದಿಲ್ಲ.

ಬಟ್ಟೆಯ ಉಪಾಯ ನನ್ನದಲ್ಲ. 1948ರಲ್ಲಿ ಬ್ರೆಂಡನ್ ಮೂರ್ ಇಂಗ್ಲೆಂಡಿನ ನಾರ್ತ್ ಡೆವನ್‌ನಲ್ಲಿ ಪ್ಯಾರಾಟೈಫಾಯ್ಡ್ ವಾಹಕರನ್ನು (ಲಕ್ಷಣವಿಲ್ಲದೆ ರೋಗಾಣು ಹೊತ್ತವರನ್ನು) ಹುಡುಕಲು ಗಾಜ್ ಬಟ್ಟೆಯ ಉಂಡೆಗಳನ್ನು ಚರಂಡಿಯಲ್ಲಿ ಇಳಿಬಿಟ್ಟಿದ್ದರು. ಪಾಸಿಟಿವ್ ಬಂದ ಜಾಗದಿಂದ ಹರಿವಿನ ಮೇಲ್ಮುಖವಾಗಿ ಹೋಗುತ್ತಾ ಮೂಲ ಹಿಡಿದರು. ಕೋವಿಡ್ ಕಾಲದಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಅದೇ ಮೂರ್ ಸ್ವಾಬ್ ಅನ್ನು ವಸತಿನಿಲಯಗಳ ಚರಂಡಿಗೆ ತಂದರು. ಮೆಲ್ಬರ್ನ್‌ನ ಮೋನಾಶ್ ತಂಡ ಬಟ್ಟೆ, ಹತ್ತಿ, ಫಿಲ್ಟರ್ ಪೊರೆಗಳನ್ನು ಟಾರ್ಪಿಡೊ ಆಕಾರದ 3ಡಿ ಮುದ್ರಿತ ಕವಚದಲ್ಲಿಟ್ಟು ನೋಡಿತು. ಇಷ್ಟು ಕೆಲಸ ಮುಂದಿದ್ದರೂ ನಮ್ಮಲ್ಲಿ ನಂಬದಿದ್ದುದೇ ನನಗೆ ಹೆಚ್ಚು ಬೇಸರ ತಂದ ಸಂಗತಿ.

ನಂಬದಿರಲು ಹಣವೂ ಒಂದು ಕಾರಣ, ಅದೂ ತಲೆಕೆಳಗಾದ ಕಾರಣ. ದುಬಾರಿ ಯಂತ್ರವಿದ್ದರೆ ಮಾತ್ರ ವಿಜ್ಞಾನ ಎಂಬ ಭಾವನೆ ಹಲವರಲ್ಲಿದೆ. ಶೀತಲೀಕರಣವಿರುವ ಒಂದೇ ಒಂದು ಆಟೋಸ್ಯಾಂಪ್ಲರ್ ಕೊಂಡರೆ ನಮ್ಮ ವರ್ಷದ ಅನುದಾನದ ಅರ್ಧಕ್ಕಿಂತ ಹೆಚ್ಚು ಖಾಲಿ. ಹಾಸ್ಟೆಲ್‌ಗೊಂದರಂತೆ ಕೊಳ್ಳುವ ಮಾತೇ ಇಲ್ಲ. ಬೇರೆ ವಿಭಾಗದಿಂದ ಹಳೆಯದೊಂದನ್ನು ಒಂದು ಸೆಮಿಸ್ಟರ್‌ಗೆ ಎರವಲು ತಂದೆವು. ಹಾಸ್ಟೆಲ್ ಪೈಪಿನಲ್ಲಿ ರಾತ್ರಿ ನೀರು ಎರಡು ಬೆರಳಷ್ಟೂ ಇರುವುದಿಲ್ಲ. ಹೀರುವ ಕೊಳವೆ ಗಾಳಿ ಎಳೆಯಿತು, ಆಮೇಲೆ ಒರೆಸುವ ಕಾಗದ ಸಿಕ್ಕಿಕೊಂಡಿತು, ಕೊನೆಗೆ ಪಂಪ್ ಸುಟ್ಟಿತು. ರಿಪೇರಿಗೆ ಹೋದ ಹಣದಲ್ಲಿ ಎರಡು ವರ್ಷಕ್ಕಾಗುವಷ್ಟು ಗಾಜ್ ಬರುತ್ತಿತ್ತು.

ಬಕೆಟ್‌ನಲ್ಲಿ ನೀರೆತ್ತಿ ತರುವ ಗ್ರ್ಯಾಬ್ ಮಾದರಿಯಲ್ಲೂ ತಿಂಗಳುಗಟ್ಟಲೆ ಏನೂ ಸಿಗಲಿಲ್ಲ. ಸಿಗದಿರುವುದು ಸಹಜವೇ. ಇನ್ನೂರು ಮುನ್ನೂರು ಜನರ ಕಟ್ಟಡದಲ್ಲಿ ಒಬ್ಬರಿಗೆ ಸೋಂಕಿದೆ ಎಂದಿಟ್ಟುಕೊಳ್ಳಿ. ಅವರು ಫ್ಲಶ್ ಮಾಡಿದ ನೀರು ನಮ್ಮ ಮ್ಯಾನ್‌ಹೋಲ್ ದಾಟಿ ಹೋಗಲು ಕೆಲವೇ ನಿಮಿಷ ಸಾಕು. ಯಂತ್ರ ಅರ್ಧ ಗಂಟೆಗೊಮ್ಮೆ ಹೀರಿದರೂ ಆ ನಿಮಿಷಗಳು ತಪ್ಪಿಹೋಗಬಹುದು. ಬಟ್ಟೆ ಮಾತ್ರ ಇಡೀ ಹೊತ್ತು ನೀರಲ್ಲೇ ಇರುತ್ತದೆ, ಹಾದುಹೋದದ್ದನ್ನು ಅಷ್ಟಿಷ್ಟಾದರೂ ಹಿಡಿಯುತ್ತದೆ. ಊರಿಡೀ ಸೇರುವ ಶುದ್ಧೀಕರಣ ಘಟಕದಲ್ಲಿ ಯಂತ್ರವೇ ಮೇಲು, ಒಪ್ಪುತ್ತೇನೆ. ಒಂದು ಕಟ್ಟಡದ ಪೈಪಿನಲ್ಲಿ ಬಟ್ಟೆಯೇ ಮೇಲು. ಈ ಮಾತನ್ನು ಯಾರ ಮುಂದಾದರೂ ಹೇಳುತ್ತೇನೆ.

ನಮ್ಮ ವಿಧಾನ ಹೀಗೆ. ಅಂಗೈ ಅಗಲದ, ಮೀಟರ್‌ಗಿಂತ ಸ್ವಲ್ಪ ಉದ್ದದ ಹತ್ತಿ ಗಾಜ್ ಪಟ್ಟಿಯನ್ನು ಮಡಚಿ, ನಡುವೆ ಮೀನು ಹಿಡಿಯುವ ನೈಲಾನ್ ದಾರದಿಂದ ಬಿಗಿಯುತ್ತೇವೆ. ಕೆಳಗೊಂದು ತುಕ್ಕು ಹಿಡಿಯದ ಉಕ್ಕಿನ ನಟ್, ತೂಕಕ್ಕೆ. ದಾರದ ಇನ್ನೊಂದು ತುದಿ ಮ್ಯಾನ್‌ಹೋಲ್ ಬಾಯಿಯ ಕೊಕ್ಕೆಗೆ. ಸಂಜೆ ಇಳಿಬಿಟ್ಟು, ಬೆಳಗಿನ ಸ್ನಾನ-ಶೌಚದ ಗದ್ದಲ ಮುಗಿದ ಮೇಲೆ ಹತ್ತರ ಹೊತ್ತಿಗೆ ಎಳೆಯುತ್ತೇವೆ. ಟೈಫಾಯ್ಡ್‌ಗಾದರೆ ಎರಡು ಮೂರು ದಿನ ಬಿಡಬಹುದು, ಜೀವಂತ ಬ್ಯಾಕ್ಟೀರಿಯವನ್ನು ಆಮೇಲೆ ಬೆಳೆಸಿಕೊಳ್ಳುತ್ತಾರೆ. ಆರ್‌ಎನ್‌ಎ ಹಾಗಲ್ಲ. ಒಂದು ದಿನ ದಾಟಿದರೆ ಬಟ್ಟೆಯ ಮೇಲೆ ಲೋಳೆ ಕಟ್ಟುತ್ತದೆ, ಸಿಗ್ನಲ್ ಇಳಿಯುತ್ತದೆ. ಗಾಜ್ ಅನ್ನು ಇಳಿಬಿಡುವ ಮುಂಚೆ ಏನು ಮಾಡುತ್ತೇವೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಎರಡನೇ ಪ್ರಬಂಧ ಹೊರಬಂದ ಮೇಲೆ ಅದರಲ್ಲೇ ಓದಿಕೊಳ್ಳಿ.

ಯಾರನ್ನೂ ಗುಂಡಿಗೆ ಇಳಿಸಬೇಡಿ. ದಾರ ಕಿತ್ತು ಬಟ್ಟೆ ತೇಲಿಹೋದರೆ ಹೋಗಲಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಎಲ್ಲ ಕೆಲಸವೂ ಮೇಲಿಂದಲೇ, ಕೈಗವಸು, ಮುಖಗವಚ ಹಾಕಿಕೊಂಡೇ.

ಲ್ಯಾಬಿನಲ್ಲಿ ಬಟ್ಟೆಯನ್ನು ಜಿಪ್ ಚೀಲಕ್ಕೆ ಹಾಕಿ, ಟ್ವೀನ್ (ಸಾಬೂನಿನಂಥ ರಾಸಾಯನಿಕ) ಬೆರೆಸಿದ ಫಾಸ್ಫೇಟ್ ಬಫರ್ ದ್ರಾವಣ ಸುರಿದು, ಹೊರಗಿನಿಂದ ಚೆನ್ನಾಗಿ ಹಿಸುಕುತ್ತೇವೆ. ಕಪ್ಪು ಕಷಾಯದಂಥ ದ್ರವ ನೂರು, ನೂರೈವತ್ತು ಮಿಲಿಲೀಟರ್ ಬರುತ್ತದೆ. ಇಲ್ಲಿ ಬಹಳ ಮಂದಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ತಿಳಿನೀರು ಇಟ್ಟುಕೊಂಡು ಗಸಿ ಚೆಲ್ಲುತ್ತಾರೆ. ಚೆಲ್ಲಬೇಡಿ. ಕೊರೊನಾದಂಥ, ಕೊಬ್ಬಿನ ಹೊದಿಕೆಯುಳ್ಳ ವೈರಸ್‌ಗಳು ಘನಕಣಗಳಿಗೆ ಹೆಚ್ಚು ಅಂಟುತ್ತವೆ. ಗಸಿಯನ್ನೂ ಸೇರಿಸಿಕೊಂಡ ಮೇಲೆ ನಮ್ಮ ಸಿಟಿ ಮೌಲ್ಯ (ವೈರಸ್ ಕಾಣಿಸಲು ಪಿಸಿಆರ್‌ಗೆ ಬೇಕಾದ ಸೈಕಲ್, ಅಂದರೆ ಸುತ್ತುಗಳ ಸಂಖ್ಯೆ; ಕಡಿಮೆಯಾದಷ್ಟೂ ವೈರಸ್ ಹೆಚ್ಚು) ಎರಡು ಮೂರು ಸೈಕಲ್ ಇಳಿಯಿತು. ಸಾಂದ್ರೀಕರಣಕ್ಕೆ ಮೊದಲು ಪಿಇಜಿ (ವೈರಸ್ಸನ್ನು ತಳಕ್ಕಿಳಿಸುವ ರಾಸಾಯನಿಕ) ಬಳಸಿದೆವು; ಒಂದಿಡೀ ರಾತ್ರಿ ಹಿಡಿಯಿತು, ಫಲಿತಾಂಶ ದಿನಕ್ಕೊಂದು ರೀತಿ. ಈಗ ವೈರಸ್ಸನ್ನು ಅಂಟಿಸಿಕೊಳ್ಳುವ ಕಾಂತೀಯ ಮಣಿಗಳು. ಖರ್ಚಿನಲ್ಲಿ ಹೆಚ್ಚಿನ ಪಾಲು ಅವಕ್ಕೇ ಹೋಗುತ್ತದೆ. ಕಿಟ್‌ನವರು ಹೇಳುವ ಪ್ರಮಾಣದ ಮೂರರಲ್ಲೊಂದು ಭಾಗ ಕಡಿಮೆ ಹಾಕಿದರೂ ನಡೆಯುತ್ತದೆ ಎಂದು ನಾವೇ ಕಂಡುಕೊಂಡೆವು.

ನಮ್ಮನ್ನು ಹೆಚ್ಚು ಕಾಡಿದ್ದು ಶುಚಿಗೊಳಿಸುವ ರಾಸಾಯನಿಕ. ಒಂದು ಹಾಸ್ಟೆಲ್‌ನಿಂದ ವಾರಗಟ್ಟಲೆ ಬರೀ ನೆಗೆಟಿವ್. ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತಿಳಿಯಲು ನಾವೇ ಬೆರೆಸುತ್ತಿದ್ದ ದನದ ಕೊರೊನಾ ವೈರಸ್ ಕೂಡ ಸರಿಯಾಗಿ ಕಾಣುತ್ತಿರಲಿಲ್ಲ. ಆರ್‌ಎನ್‌ಎಯನ್ನು ಐದು ಪಟ್ಟು ತೆಳುಮಾಡಿ ಓಡಿಸಿದಾಗ ಗುಟ್ಟು ಹೊರಬಿತ್ತು. ಐದು ಪಟ್ಟು ತೆಳುಮಾಡಿದರೆ ಸಿಟಿ ಸುಮಾರು 2.3 ಏರಬೇಕು, ನಮ್ಮದು ಇಳಿಯಿತು. ಅಂದರೆ ಪಿಸಿಆರ್ ಅನ್ನು ಏನೋ ತಡೆಯುತ್ತಿತ್ತು. ವಿಚಾರಿಸಿದಾಗ, ಮಾದರಿ ತೆಗೆಯುವ ದಿನವೇ ಬೆಳಗ್ಗೆ ಶೌಚಾಲಯಗಳಿಗೆ ಬ್ಲೀಚು, ಡಿಟರ್ಜೆಂಟು ಧಾರಾಳವಾಗಿ ಸುರಿಯುತ್ತಿದ್ದರು. ಮೇಲ್ವಿಚಾರಕರು, "ಸರ್, ನೀವು ಬರ್ತೀರಿ ಅಂತಲೇ ಚೆನ್ನಾಗಿ ತೊಳೆಸ್ತಿದ್ವಿ" ಎಂದರು. ತೊಳೆಯುವ ದಿನ ಬದಲಾಯಿಸಿಕೊಟ್ಟರು, ಸಮಸ್ಯೆ ಮುಗಿಯಿತು. ಆದರೂ ಪ್ರತಿ ಮಾದರಿಯನ್ನೂ ತೆಳುಮಾಡಿದ್ದು, ಮಾಡದಿದ್ದು ಎರಡನ್ನೂ ಇಂದಿಗೂ ಓಡಿಸುತ್ತೇವೆ.

ಇನ್ನೊಂದು, ಪೈಪಿನ ನಕ್ಷೆ. ಕಚೇರಿಯಲ್ಲಿ ಕೊಟ್ಟ ನಕ್ಷೆಯನ್ನು ನಂಬಿ ಕೆಲಸ ಶುರುಮಾಡಬೇಡಿ. ಕಮೋಡಿಗೆ ಬಣ್ಣ ಸುರಿದು, ಯಾವ ಮ್ಯಾನ್‌ಹೋಲ್‌ನಲ್ಲಿ ಬರುತ್ತದೆ ಎಂದು ಕಣ್ಣಾರೆ ನೋಡಿ. ನಮ್ಮಲ್ಲಿ ಪ್ರತ್ಯೇಕ ಎಂದು ತೋರಿಸಿದ್ದ ಎರಡು ಬ್ಲಾಕ್‌ಗಳು ನೆಲದಡಿ ಒಂದೇ ಆಗಿದ್ದವು, ಅಡುಗೆಮನೆಯ ಜಿಡ್ಡು ಬೇರೆ ಸೇರುತ್ತಿತ್ತು. ಜಿಡ್ಡು ಮೆತ್ತಿದ ಬಟ್ಟೆ ಯಾವುದಕ್ಕೂ ಬಾರದು.

ವಿಮರ್ಶಕರ ಪ್ರಶ್ನೆಗೆ ಬರುತ್ತೇನೆ. ಹರಿದ ನೀರಿನ ಲೆಕ್ಕ ನಮಗೆ ಸಿಗದು, ನಿಜ. ಆದರೆ ಮೆಣಸಿನ ಗಿಡದ ವೈರಸ್ ಒಂದಿದೆ, ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್. ಊಟದ ಮೂಲಕ ಹೆಚ್ಚಿನವರ ಮಲಕ್ಕೂ ಬರುತ್ತದೆ. ಅದೂ ಅದೇ ಬಟ್ಟೆಯ ಮೂಲಕವೇ ಹಾದುಹೋಗಿರುತ್ತದೆ. ಅದರ ಪ್ರಮಾಣಕ್ಕೆ ಹೋಲಿಸಿ ಕೊರೊನಾ ಪ್ರಮಾಣ ಹೇಳುತ್ತೇವೆ. ಅದಕ್ಕೆ ಹೊದಿಕೆ ಇಲ್ಲ, ಅಂಟುವ ರೀತಿ ಬೇರೆ. ಆದ್ದರಿಂದ ಒಂದು ಮ್ಯಾನ್‌ಹೋಲ್‌ನ ಅನುಪಾತವನ್ನು ಇನ್ನೊಂದರ ಜತೆ ಹೋಲಿಸುವುದಿಲ್ಲ. ಆಯಾ ಮ್ಯಾನ್‌ಹೋಲ್‌ನ ಹಿಂದಿನ ವಾರ, ಈ ವಾರ, ಅಷ್ಟೇ. ಹಾಸ್ಟೆಲ್ ವಾರ್ಡನ್‌ಗೆ ಬೇಕಾದದ್ದೂ ಅಷ್ಟೇ.

ಎಲ್ಲರ ಬಾಯಿ ಮುಚ್ಚಿಸಿದ್ದು ಒಂದು ಬ್ಲಾಕ್‌ನ ಫಲಿತಾಂಶ. ತಿಂಗಳಿಗೂ ಹೆಚ್ಚು ಕಾಲ ಏನೂ ಇಲ್ಲದ ಕಡೆ ಸತತ ಎರಡು ಮಾದರಿ ಪಾಸಿಟಿವ್, ಸಿಟಿ 34ರ ಆಸುಪಾಸು. ಅದೇ ಬೆಳಗಿನ ಗ್ರ್ಯಾಬ್ ಮಾದರಿ ನೆಗೆಟಿವ್. ಆರೋಗ್ಯ ಕೇಂದ್ರದವರು ಅನುಮಾನದಿಂದಲೇ ಆ ಬ್ಲಾಕ್‌ನವರನ್ನು ತಪಾಸಣೆಗೆ ಕರೆದರು. ಲಕ್ಷಣವೇ ಇಲ್ಲದ ಮೂವರು ಸಿಕ್ಕರು. 2020ರ ಆಗಸ್ಟ್‌ನಲ್ಲಿ ಅರಿಜೋನಾ ವಿಶ್ವವಿದ್ಯಾಲಯ ಹೀಗೆಯೇ ಒಂದು ವಸತಿನಿಲಯದ ಚರಂಡಿ ನೀರಿನ ಸುಳಿವು ಹಿಡಿದು, 300ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ ಲಕ್ಷಣವಿಲ್ಲದ ಇಬ್ಬರನ್ನು ಕಂಡುಹಿಡಿದದ್ದು ಲೋಕಕ್ಕೇ ಗೊತ್ತು. ನಮ್ಮ ಕೆಲಸ ನಡೆದದ್ದು ಅವರ ಖರ್ಚಿನ ಹತ್ತಿರಕ್ಕೂ ಹೋಗದ ಹಣದಲ್ಲಿ.

ಇದಕ್ಕೂ ಮಿತಿ ಇದೆ. ಸೋಂಕಿತರೆಲ್ಲರ ಮಲದಲ್ಲೂ ಆರ್‌ಎನ್‌ಎ ಇರುವುದಿಲ್ಲ, ಆದ್ದರಿಂದ ನೆಗೆಟಿವ್ ಎಂದರೆ ಸೋಂಕಿಲ್ಲ ಎಂದಲ್ಲ. ಗುಣವಾದವರಲ್ಲಿ ವಾರಗಟ್ಟಲೆ ಉಳಿಯುತ್ತದೆ, ಆದ್ದರಿಂದ ದುರ್ಬಲ ಪಾಸಿಟಿವ್ ಬಂದಾಕ್ಷಣ ಕಟ್ಟಡ ಮುಚ್ಚಬಾರದು. ಎಷ್ಟು ಮಂದಿ ಯಾವಾಗ ಗುಣವಾಗಿ ಮರಳಿದರೆಂಬ ಸಂಖ್ಯೆಯನ್ನು, ಹೆಸರಿಲ್ಲದೆ, ಆರೋಗ್ಯ ಕೇಂದ್ರದಿಂದ ಪಡೆಯುತ್ತೇವೆ. ಬ್ರೆಂಡನ್ ಮೂರ್ ಅವರು ವಾಹಕರ ಮನೆಯ ತನಕ ಹೋದರು. ನಾವು ಬ್ಲಾಕ್ ದಾಟುವುದಿಲ್ಲ. ಮಹಡಿ ಮಹಡಿಗೂ ಬಟ್ಟೆ ಕಟ್ಟಿ ಎಂದು ಒತ್ತಡ ಬಂತು, ನಾನು ಒಪ್ಪಲಿಲ್ಲ. ಹತ್ತಿಪ್ಪತ್ತು ಜನರ ಪೈಪಿಗೆ ಕೈಹಾಕಿದರೆ ಅದು ವಿದ್ಯಾರ್ಥಿಗಳ ಮೇಲಿನ ಬೇಹುಗಾರಿಕೆಯಾಗುತ್ತದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಹತ್ತಿಯ ಬದಲು ಸಿಂಥೆಟಿಕ್ ಬಟ್ಟೆ: ಹಿಂಡಲು ಸುಲಭ, ಹಿಡಿಯುವುದು ಕಡಿಮೆ. ಸಕ್ರಿಯ ಇದ್ದಿಲು: ವೈರಸ್ಸನ್ನು ಹಿಡಿಯಿತು, ಬಿಟ್ಟುಕೊಡಲೇ ಇಲ್ಲ. ಫ್ರೀಜರ್‌ನಲ್ಲಿಟ್ಟಿದ್ದ ಹಳೆಯ ಮಾದರಿಗಳ ಸಾರವನ್ನು ನೋರೋವೈರಸ್‌ಗೆ ಓಡಿಸಿದಾಗ, ವಾಂತಿ-ಭೇದಿಯ ದೂರು ಬಂದ ವಾರಕ್ಕಿಂತ ಮುಂಚಿನ ಮಾದರಿಯಲ್ಲೇ ಅದು ಎದ್ದು ಕಾಣುತ್ತಿತ್ತು. ನೋರೋ ಮಲದಲ್ಲಿ ಕೊರೊನಾಗಿಂತ ಎಷ್ಟೋ ಪಟ್ಟು ಹೆಚ್ಚು ಹೊರಬೀಳುತ್ತದೆ, ಬಟ್ಟೆಗೆ ಅದು ಸಲೀಸು. ಇನ್‌ಫ್ಲುಯೆಂಜಾ ಎ ಇನ್ನೂ ಪಳಗಿಲ್ಲ. ಒಂದು ವಾರ ಸಿಕ್ಕರೆ ಮತ್ತೊಂದು ವಾರ ಇಲ್ಲ. ಸದ್ಯ ಅದಕ್ಕೆ ಗಸಿಯನ್ನು ಮಾತ್ರ ಪ್ರತ್ಯೇಕವಾಗಿ ಓಡಿಸಿ ನೋಡುತ್ತಿದ್ದೇವೆ, ಮುಂದಿನ ಸೆಮಿಸ್ಟರ್‌ನ ಮಣಿಗಳ ಹಣದಲ್ಲಿ ಅರ್ಧ ಅದಕ್ಕೇ ಎತ್ತಿಟ್ಟಿದ್ದೇವೆ.