ಪಿಎಸ್‌ಎ 4 ದಾಟಿದೆ ಅಂತ ರಿಪೋರ್ಟ್ ಬಂದರೆ

ದಾವಣಗೆರೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ತಿಳಿಯಲು ರಕ್ತದಲ್ಲಿ ಅಳೆಯುವ ಪ್ರೋಟೀನೇ ಪಿಎಸ್‌ಎ. ಅದು 4 ದಾಟಿದರೆ ರಿಪೋರ್ಟ್‌ನಲ್ಲಿ ಆ ಅಂಕಿ ದಪ್ಪಗೆ ಅಚ್ಚಾಗುತ್ತದೆ. ಮನೆಯವರು ಕ್ಯಾನ್ಸರ್ ಅಂತಲೇ ತಿಳಿದು ಕೌಂಟರ್ ಮುಂದೆ ಕಂಗಾಲಾಗಿ ನಿಲ್ಲುತ್ತಾರೆ. ಅಷ್ಟು ಬೇಗ ಹೆದರಬೇಡಿ. ಈ ಪ್ರೋಟೀನನ್ನು ತಯಾರಿಸುವುದು ಪ್ರಾಸ್ಟೇಟ್ ಗ್ರಂಥಿಯೇ. ವಯಸ್ಸಾದ ಮೇಲೆ ಗ್ರಂಥಿ ದೊಡ್ಡದಾದರೆ, ಕ್ಯಾನ್ಸರ್ ಇಲ್ಲದಿದ್ದರೂ ಪಿಎಸ್‌ಎ ಏರುತ್ತದೆ.

ಪರೀಕ್ಷೆಗೆ ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಬನ್ನಿ. ಎರಡು ದಿನ ಮುಂಚಿನಿಂದ ವೀರ್ಯಸ್ಖಲನ ಆಗಬಾರದು, ಸೈಕಲ್ ತುಳಿಯುವುದೂ ಬೇಡ. ಹೇಳಲು ಸಂಕೋಚ ಅಲ್ವಾ? ಆದರೂ ನಾನು ಹಿರಿಯರನ್ನು ನೇರವಾಗಿಯೇ ಕೇಳುತ್ತೇನೆ. ಮೂತ್ರದ ಸೋಂಕು ಆಗಿದ್ದರೆ, ಮೂತ್ರಕ್ಕೆ ಪೈಪ್ ಹಾಕಿದ್ದರೆ, ಸುಮಾರು ಆರು ವಾರ ಕಳೆಯಲಿ.

ಎಲ್ಲಕ್ಕಿಂತ ಮುಖ್ಯ ಮಾತ್ರೆ. ದೊಡ್ಡದಾದ ಗ್ರಂಥಿಯನ್ನು ಕುಗ್ಗಿಸಲು ಕೊಡುವ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಆರು ತಿಂಗಳು, ವರ್ಷ ತಗೊಂಡವರಲ್ಲಿ ಪಿಎಸ್‌ಎ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ರಿಪೋರ್ಟ್‌ನಲ್ಲಿ 3 ಇದ್ದರೆ ಅದನ್ನು 6 ಅಂತ ಓದಬೇಕು. ಮಾತ್ರೆ ನಡೆಯುತ್ತಿರುವಾಗಲೇ ಅಂಕಿ ಮತ್ತೆ ಏರತೊಡಗಿದರೆ, 4ರ ಒಳಗಿದ್ದರೂ ಡಾಕ್ಟರಿಗೆ ತೋರಿಸಿ. ಮೂತ್ರ ಸಲೀಸಾಗಿ ಹೋಗಲು ಕೊಡುವ ಟ್ಯಾಮ್ಸುಲೋಸಿನ್ ಒಂದೇ ಆದರೆ ಈ ಲೆಕ್ಕ ಬೇಡ. ಆದರೆ ಟ್ಯಾಮ್ಸುಲೋಸಿನ್ ಜೊತೆ ಡ್ಯುಟಾಸ್ಟರೈಡ್ ಸೇರಿಸಿದ ಮಾತ್ರೆಯೂ ಬರುತ್ತದೆ. ಅದಕ್ಕೇ ಹೆಸರು ನೆನಪಿನಿಂದ ಹೇಳಬೇಡಿ, ಸ್ಟ್ರಿಪ್ಪನ್ನೇ ತನ್ನಿ. ಪರೀಕ್ಷೆಗಾಗಿ ಅಂತ ಮಾತ್ರೆ ನಿಲ್ಲಿಸಲೂಬೇಡಿ.

ಆಮೇಲೆ ಸ್ಕ್ಯಾನ್ ರಿಪೋರ್ಟ್ ತೆಗೆದು ಗ್ರಂಥಿಯ ಅಳತೆ ನೋಡಿ. ನಮ್ಮಲ್ಲಿಗೆ ಬಂದ 72ರ ನಿವೃತ್ತ ಮೇಷ್ಟ್ರಿಗೆ ಪಿಎಸ್‌ಎ 6.2 ಇತ್ತು, ಗ್ರಂಥಿ 62 ಗ್ರಾಂ. ಪಿಎಸ್‌ಎಯನ್ನು ಗ್ರಂಥಿಯ ಅಳತೆಯಿಂದ ಭಾಗಿಸಿದರೆ 0.1. ಇದು 0.15ಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಸಂಶಯ ಕಡಿಮೆ. ಅದೇ 6.2, ಗ್ರಂಥಿ ಬರೀ 25 ಗ್ರಾಂ ಅಂದುಕೊಳ್ಳಿ. ಆಗ 0.25 ಬರುತ್ತದೆ, ಯೂರಾಲಜಿಸ್ಟ್ ಹತ್ತಿರ ಹೋಗಲು ತಡ ಮಾಡಬಾರದು. ದೊಡ್ಡ ಗ್ರಂಥಿ ಇರುವವರು ಈ ಭಾಗಾಕಾರವನ್ನು ಡಾಕ್ಟರ್ ಮುಂದೆ ಕೇಳಿಯೇ ಎದ್ದು ಬರಬೇಕು ಅನ್ನುವುದು ನನ್ನ ಹಟ.

ಪಿಎಸ್‌ಎ 4ರಿಂದ 10ರ ನಡುವೆ ಇದ್ದರೆ ಫ್ರೀ ಪಿಎಸ್‌ಎ, ಅಂದರೆ ರಕ್ತದಲ್ಲಿ ಬೇರೆ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಪಿಎಸ್‌ಎ ಪರೀಕ್ಷೆ, ಬರೆದುಕೊಡುವುದುಂಟು. ಅದು ಒಟ್ಟಿನ ಶೇ. 25ಕ್ಕಿಂತ ಜಾಸ್ತಿ ಇದ್ದರೆ ಕ್ಯಾನ್ಸರ್ ಸಾಧ್ಯತೆ ಕಡಿಮೆ, ಶೇ. 10ಕ್ಕಿಂತ ಕೆಳಗಿದ್ದರೆ ಜಾಸ್ತಿ.

ಮತ್ತೆ ಪರೀಕ್ಷೆ ಮಾಡಿಸುವಾಗ ಅದೇ ಲ್ಯಾಬಿಗೆ ಹೋಗಿ. ಕಿಟ್ ಬದಲಾದರೆ ಅಂಕಿಯೂ ಕೊಂಚ ಬದಲಾಗಬಹುದು. ಹಳೆಯ ರಿಪೋರ್ಟ್‌ಗಳನ್ನು ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಇಡಿ. ಮೂತ್ರದಲ್ಲಿ ರಕ್ತ ಬಂದರೆ, ಬೆನ್ನು ಸೊಂಟದ ಮೂಳೆ ನೋವು ಬಿಡದೆ ಕಾಡಿದರೆ, ಅಂಕಿ ಎಷ್ಟೇ ಇರಲಿ, ಅದೇ ವಾರ ಡಾಕ್ಟರನ್ನು ಕಾಣಿ.