ಅಕ್ಕಿ ಗಿರಣಿಯ ರೋಲರ್ ಚೈನ್: ಅಳತೆ, ಎಣ್ಣೆ ಮತ್ತು ದುರಸ್ತಿ

ದಾವಣಗೆರೆಯ ಅಕ್ಕಿ ಗಿರಣಿಗಳಲ್ಲಿ ಕನ್ವೇಯರುಗಳನ್ನು ಎಳೆಯುವ ರೋಲರ್ ಚೈನಿಗೆ ಭಾರಕ್ಕಿಂತಲೂ ಹೆಚ್ಚು ಹಾನಿ ಮಾಡುವುದು ಹೊಟ್ಟಿನ ದೂಳು. ಅದು ಎಣ್ಣೆಯೊಡನೆ ಬೆರೆತು ಪಿನ್ನು ಮತ್ತು ಅದರ ಸುತ್ತಲಿನ ಕೊಳವೆಯಾದ ಬುಷ್ಷಿನ ನಡುವೆ ಸೇರಿ ಲೋಹವನ್ನು ಸವೆಸುತ್ತದೆ. ಚೈನು ಉದ್ದವಾಗುವುದು ಬಹುಮಟ್ಟಿಗೆ ಈ ಸವೆತದಿಂದಲೇ.

ಆದ್ದರಿಂದ ಮೊದಲು ಅಳೆಯಬೇಕು. ಮೇನ್ ಸ್ವಿಚ್ ಆರಿಸಿ, ಫ್ಯೂಸನ್ನು ತೆಗೆದು ನಿಮ್ಮ ಬಳಿಯೇ ಇಟ್ಟುಕೊಂಡು, ಚೈನನ್ನು ಬಿಗಿಯಾಗಿ ಎಳೆದು ಹಿಡಿದು 12 ಪಿಚ್‌ಗಳ (ಪಕ್ಕಪಕ್ಕದ ಎರಡು ಪಿನ್ನುಗಳ ನಡುವಿನ ಅಂತರವೇ ಒಂದು ಪಿಚ್) ಉದ್ದವನ್ನು ಪಿನ್ನಿನ ಮಧ್ಯದಿಂದ ಪಿನ್ನಿನ ಮಧ್ಯಕ್ಕೆ ಅಳೆಯಿರಿ. ಒಂದು ಇಂಚಿನ, ಅಂದರೆ 25.4 ಮಿ.ಮೀ. ಪಿಚ್ಚಿನ ಹೊಸ ಚೈನಿನಲ್ಲಿ ಅದು 304.8 ಮಿ.ಮೀ. ಇರುತ್ತದೆ, ಶೇಕಡಾ 3ರಷ್ಟು ಹೆಚ್ಚಿ ಸುಮಾರು 314 ಮಿ.ಮೀ. ಮುಟ್ಟಿದ್ದರೆ ಇಡೀ ಚೈನನ್ನು ಬದಲಿಸಬೇಕು. ಸವೆದ ಚೈನಿಗೆ ಹೊಸ ಲಿಂಕುಗಳನ್ನು ಸೇರಿಸಿ ನಡೆಸುವ ರೂಢಿಯನ್ನು ನಾನು ಒಪ್ಪುವುದಿಲ್ಲ: ಎರಡರ ಪಿಚ್ಚು ಹೊಂದದೆ ಪ್ರತಿ ಸುತ್ತಿನಲ್ಲೂ ಹೊಡೆತ ಬೀಳುತ್ತದೆ. ಚೈನು ಕೂರುವ ಹಲ್ಲಿನ ಚಕ್ರವಾದ ಸ್ಪ್ರಾಕೆಟಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಅದನ್ನೂ ಜೊತೆಯಲ್ಲೇ ಬದಲಿಸಿ.

ಶುಚಿಗೊಳಿಸಲು ಸೀಮೆಎಣ್ಣೆ ಮತ್ತು ಬ್ರಷ್ ಸಾಕು. ಬಾಯ್ಲರಿನ ಒಲೆಯ ಬಳಿ ಮಾತ್ರ ಈ ಕೆಲಸ ಬೇಡ. ಒಣಗಿದ ಮೇಲೆ ತೆಳುವಾದ ಎಣ್ಣೆಯನ್ನು ಎಳೆತ ಬೀಳದ ಸಡಿಲ ಬದಿಯಲ್ಲಿ, ಒಳ ಮತ್ತು ಹೊರ ಪ್ಲೇಟುಗಳ ಸಂದಿಗೆ ಬಿಡಿ. ಮೇಲೆ ಮೆತ್ತಿದ ಗ್ರೀಸು ಪಿನ್ನಿನವರೆಗೆ ಇಳಿಯದೆ ದೂಳನ್ನು ಹಿಡಿದಿಡುತ್ತದೆ.

ಚೈನಿನ ಎರಡು ತುದಿಗಳನ್ನು ಜೋಡಿಸುವಾಗ ಅವನ್ನು ಕೂಡಿಸುವ ಲಿಂಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗಿರಬೇಕು. ಅಡ್ಡಲಾಗಿ ಓಡುವ ಚೈನಿನ ಸಡಿಲ ಬದಿಯಲ್ಲಿ, ಶಾಫ್ಟುಗಳ ಅಂತರ ಒಂದು ಮೀಟರ್ ಇದ್ದರೆ, ಸುಮಾರು 20 ಮಿ.ಮೀ. ಜೋಲು ಬಿಡಿ, ಚೈನಿನ ರಕ್ಷಣಾ ಕವಚವನ್ನು (ಗಾರ್ಡ್) ಮತ್ತೆ ಕೂರಿಸಿದ ನಂತರವೇ ಫ್ಯೂಸ್ ಹಾಕಿ.