ಅಮ್ಮನೂ ಓದ್ಕೊಂಡೇ ಬರ್ಬೇಕು: ದಾವಣಗೆರೆಲಿ ನಮ್ಮ ಅಮ್ಮ-ಮಗಳ ಬುಕ್ ಕ್ಲಬ್

ನಮ್ಮ ಬುಕ್ ಕ್ಲಬ್ಬಲ್ಲಿ ಕಟ್ಟುನಿಟ್ಟು ಅಂತ ಇರೋದು ಒಂದೇ, ಅಮ್ಮ ಪುಸ್ತಕ ಓದ್ಕೊಂಡೇ ಬರ್ಬೇಕು. ಮಗಳು ಓದದೇ ಬಂದ್ರೆ ನಡಿಯುತ್ತೆ, ಸುಮ್ನೆ ಕೂತು ಕೇಳಿಸ್ಕೊಂಡ್ರೂ ಅವಳಿಗೆ ಕತೆ ಹತ್ತುತ್ತೆ. ಯಾರಾದ್ರೂ ಫೋನ್ ಮಾಡಿ "ನಮ್ಮ ಹುಡುಗೀನ ನಿಮ್ಮ ಕ್ಲಾಸಿಗೆ ಸೇರಿಸ್ಬೇಕಿತ್ರಿ, ಫೀಸ್ ಎಷ್ಟು" ಅಂತ ಕೇಳಿದ್ರೆ ನಾನು ಹೇಳೋದು, ಇದು ಕ್ಲಾಸಲ್ಲ ಅಕ್ಕ, ಫೀಸೂ ಇಲ್ಲ, ಆದ್ರೆ ನೀವೂ ಬರ್ಬೇಕು. ಎಷ್ಟೋ ಜನ ಅಲ್ಲಿಗೇ "ನೋಡಿ ಹೇಳ್ತೀನ್ರಿ" ಅಂತ ಇಟ್ಬಿಡ್ತಾರೆ. ಹೂಂ ಅಂದವರು ಮಾತ್ರ ಗಟ್ಟಿಯಾಗಿ ಉಳ್ಕೊಂಡಿದಾರೆ.

ನಾವಿರೋದು ವಿದ್ಯಾನಗರದ ಕಡೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಯಾರಾದ್ರೊಬ್ಬರ ಮನೆ ಹಾಲಲ್ಲಿ ಜಮಖಾನ ಹಾಸ್ಕೊಂಡು ಕೂರ್ತೀವಿ, ನಾಲ್ಕನೇ ಕ್ಲಾಸಿಂದ ಏಳನೇ ಕ್ಲಾಸಿನ ತನಕದ ಹುಡುಗೀರು, ಅವರ ಅಮ್ಮಂದಿರು. ಒಬ್ಳು ಅಜ್ಜಿ ಜೊತೆ ಬರ್ತಾಳೆ, ಇನ್ನೊಬ್ಳು ದೊಡ್ಡಮ್ಮನ ಜೊತೆ. ಐಡಿಯಾ ಹೊಸದೇನಲ್ಲ, ಅಮೆರಿಕದ ವಾಷಿಂಗ್ಟನ್ನಲ್ಲಿ ಶಿರೀನ್ ಡಾಡ್ಸನ್ ಅನ್ನೋ ತಾಯಿ ಮಗಳ ಜೊತೆ ಹಿಂಗೇ ಒಂದು ಗುಂಪು ಕಟ್ಟಿ 1997ರಲ್ಲಿ ಅದರ ಬಗ್ಗೆ ಒಂದು ಪುಸ್ತಕನೇ ಬರೆದಿದಾರೆ. ಆದ್ರೆ ನಮ್ಮೂರಿನ ಅಮ್ಮ-ಮಗಳ ಕತೆ ಸ್ವಲ್ಪ ಬೇರೆ.

ನಮ್ಮ ಗುಂಪಲ್ಲಿ ಹುಡುಗೀರೆಲ್ಲ ಹೆಚ್ಚುಕಮ್ಮಿ ಇಂಗ್ಲಿಷ್ ಮೀಡಿಯಂ, ಅಮ್ಮಂದಿರೆಲ್ಲ ಕನ್ನಡ ಮೀಡಿಯಂ. ಮಗಳು ಎರಡನೇ ಕ್ಲಾಸ್ ದಾಟೋ ಹೊತ್ತಿಗೆ ಹೋಂವರ್ಕ್ ಅಮ್ಮನ ಕೈ ಮೀರಿರುತ್ತೆ, ಟ್ಯೂಷನ್ ಮಿಸ್ ಹತ್ರ ಕಳಿಸ್ತಾರೆ, "ಮಮ್ಮಿ, ನಿಂಗೆ ಗೊತ್ತಾಗಲ್ಲ ಬಿಡು" ಅನ್ನೋದು ಮಗಳ ಬಾಯಿಗೆ ರೂಢಿಯಾಗುತ್ತೆ, ಬರ್ತಾ ಬರ್ತಾ ಅಮ್ಮನೂ ಅದನ್ನ ಒಪ್ಕೊಂಡುಬಿಡ್ತಾಳೆ. ಅದೇ ಒಂದು ಕನ್ನಡ ಪುಸ್ತಕ ಕೈಗೆ ಕೊಡ್ರಿ, ಎಲ್ಲಾ ಉಲ್ಟಾ ಆಗುತ್ತೆ. ಮಗಳು ಒತ್ತಕ್ಷರ ಬಂದಲ್ಲೆಲ್ಲ ತಡವರಿಸ್ತಾ ಬೆರಳಿಟ್ಟು ಓದ್ತಾಳೆ, ಅಮ್ಮ ನೀರು ಕುಡಿದಷ್ಟು ಸಲೀಸಾಗಿ ಓದ್ತಾಳೆ. ನಾನು ಹಠ ಹಿಡಿದು ಕನ್ನಡ ಪುಸ್ತಕನೇ ಇಟ್ಟಿರೋದು ಇದಕ್ಕೇ. ಕನ್ನಡ ಉಳಿಸ್ಬೇಕು ಅನ್ನೋದು ಇದ್ದೇ ಐತೆ, ಆದ್ರೆ ನಮ್ಮಮ್ಮನಿಗೆ ಏನು ಬರುತ್ತೆ ಅನ್ನೋದನ್ನ ಮಗಳು ಕಣ್ಣಾರೆ ನೋಡ್ಬೇಕು, ನಂಗೆ ಅದು ಎಲ್ಲಕ್ಕಿಂತ ಮುಖ್ಯ.

ನಮ್ಮಲ್ಲಿ ಒಬ್ರು ಮನೇಲಿ ಬ್ಲೌಸ್ ಹೊಲಿತಾರೆ, ಓದಿರೋದು ಎಸ್ಸೆಸ್ಸೆಲ್ಸಿ ತನಕ. ಶುರುವಲ್ಲಿ ಗೋಡೆಗೆ ಒರಗಿ ಸುಮ್ನೆ ಕೂತಿರೋರು. ಒಂದು ಸಲ ಅವರ ಕೈಗೆ ಪುಸ್ತಕ ಕೊಟ್ವಿ ನೋಡ್ರಿ, ಅದರಲ್ಲಿ ಮುದುಕಿ ಮಾತು ಬಂದ್ರೆ ಮುದುಕಿ ದನಿ, ಶ್ಯಾನುಭೋಗ ಬಂದ್ರೆ ಮೂಗಲ್ಲಿ ಮಾತು, ಹುಡುಗೀರೆಲ್ಲ ಬಿದ್ದೂ ಬಿದ್ದೂ ನಕ್ಕು "ಆಂಟಿ ಇನ್ನೊಂದು ಓದ್ರಿ, ಇನ್ನೊಂದು" ಅಂತ ಹಿಡ್ಕೊಂಡ್ರು. ಅವರ ಮಗಳು ಎಲ್ಲರ ಎದುರಿಗೆ "ನಮ್ಮಮ್ಮ ಮನೇಲೂ ದಿನಾ ಹಿಂಗೇ ಓದ್ತಾರೆ" ಅಂದ್ಲು. ಅಂಥದ್ದೇನೂ ಇರ್ಲಿಲ್ಲ ಅಂತ ಆಮೇಲೆ ಆ ತಾಯಿನೇ ನನ್ನ ಹತ್ರ ಹೇಳಿದ್ರು. ಅವತ್ತಿಂದ ನಿಜವಾಗ್ಲೂ ಓದ್ತಿದಾರೆ, ರಾತ್ರಿ ಮಷಿನ್ ಮುಚ್ಚಿದ ಮೇಲೆ.

ಇನ್ನು ಮಾತುಕತೆ ನಡೆಸೋದು. ಅಮ್ಮ ಅಂದ್ರೆ ಪರೀಕ್ಷೆ ಮಾಡೋದೇ ಕೆಲಸ ನೋಡ್ರಿ, "ಹೇಳು, ಕತೆ ನೀತಿ ಏನು? ಅವನ ಹೆಸರೇನು? ಮೊನ್ನೆ ಓದಿದ್ಯಲ್ಲ, ಮರೆತ್ಯಾ?" ಅಂತ ಶುರು ಮಾಡಿದ್ರೆ ಹುಡುಗಿ ಬಾಯಿ ಬೀಗ. ಅದಕ್ಕೇ ಅಮ್ಮ-ಮಗಳು ಅಕ್ಕಪಕ್ಕ ಕೂರೋ ಹಂಗಿಲ್ಲ, ಯಾರೂ ತಮ್ಮ ಮಗಳಿಗೆ ಪ್ರಶ್ನೆ ಕೇಳೋ ಹಂಗಿಲ್ಲ. ಬೇರೆ ಆಂಟಿ ಕೇಳಿದ್ರೆ ಅದೇ ಹುಡುಗಿ ಪಟಪಟ ಮಾತಾಡ್ತಾಳೆ. ಉತ್ತರ ಪುಸ್ತಕದಲ್ಲೇ ಸಿಗೋ ಅಂಥ ಪ್ರಶ್ನೆ ಬೇಡ, ಕೂತು ವಾದ ಮಾಡೋ ಅಂಥದ್ದು ಬೇಕು.

ಅಂಥ ವಾದ ಜೋರಾಗಿ ನಡೆದಿದ್ದು ತೊತ್ತೋಚಾನ್ ಓದಿದಾಗ. ಜಪಾನಿನ ತೆತ್ಸುಕೋ ಕುರೊಯಾನಗಿ ಅವರು ತಮ್ಮ ಬಾಲ್ಯದ ಬಗ್ಗೆ 1981ರಲ್ಲಿ ಬರೆದಿದ್ದು, ಕನ್ನಡದಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನವರು ತಂದಿದಾರೆ. ಹುಡುಗಿ ಒಂದನೇ ಕ್ಲಾಸಲ್ಲೇ ಡೆಸ್ಕ್ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಸದ್ದು ಮಾಡ್ತಾಳೆ, ಕಿಟಕೀಲಿ ನಿಂತು ಬೀದಿ ವಾದ್ಯದವರನ್ನ ಕರೀತಾಳೆ ಅಂತ ಸ್ಕೂಲಿಂದ ತೆಗೆದುಹಾಕ್ತಾರೆ. ಅವಳ ಅಮ್ಮ ಅದನ್ನ ಅವಳಿಗೆ ಹೇಳೋದೇ ಇಲ್ಲ, ಬೇರೆ ಸ್ಕೂಲಿಗೆ ಹೋಗೋಣ ಬಾ ಅಂತಷ್ಟೇ ಅಂದು ರೈಲು ಡಬ್ಬಿಗಳಲ್ಲೇ ಪಾಠ ನಡೆಯೋ ತೊಮೊಯೆ ಶಾಲೆಗೆ ಕರ್ಕೊಂಡು ಹೋಗ್ತಾಳೆ. ನಿಜ ವಿಷಯ ಮಗಳಿಗೆ ಗೊತ್ತಾಗೋದು 20 ವರ್ಷ ತುಂಬಿದ ಮೇಲೆ. ಅಮ್ಮ ಮಾಡಿದ್ದು ಸರಿನಾ ಅಂತ ಕೇಳಿದ್ದೇ ತಡ, ಅಮ್ಮಂದಿರೆಲ್ಲ ಒಂದೇ ದನೀಲಿ ಸರಿ ಅಂದ್ರು. ಹುಡುಗೀರು ಒಪ್ಪಲಿಲ್ಲ. ಆರನೇ ಕ್ಲಾಸಿನವಳು, "ಅಮ್ಮ ಹೇಳಿದ್ರೆ ಬೇಜಾರಾಗುತ್ತೆ ಆಂಟಿ, ಆದ್ರೆ ಅಮ್ಮ ಹೇಳ್ದೆ ಬೇರೆ ಯಾರೋ ಹೇಳಿದ್ರೆ ಇನ್ನೂ ಬೇಜಾರು" ಅಂದ್ಲು. ಒಂದು ಗಳಿಗೆ ಯಾರಿಗೂ ಏನು ಹೇಳ್ಬೇಕು ಅಂತ ತೋಚ್ಲಿಲ್ಲ. ಆಮೇಲೆ ನಮ್ಮ ಪೈಕಿ ಒಬ್ರು, ಆವಾಗ ಏಳನೇ ಕ್ಲಾಸಿಗೂ ಪಬ್ಲಿಕ್ ಪರೀಕ್ಷೆ ಇತ್ತು, ನಾನು ಅದರಲ್ಲಿ ಫೇಲಾಗಿದ್ದೆ ಅಂದ್ರು. ಅವರ ಮಗಳು ಜಮಖಾನದ ಆ ತುದಿಯಿಂದ "ನಂಗೆ ಯಾಕೆ ಹೇಳಿಲ್ಲ?" ಅಂದ್ಲು. "ಈಗ ಹೇಳಿದ್ನಲ್ಲವ್ವ." "ಯಾವ ಸಬ್ಜೆಕ್ಟು?" "ಗಣಿತ." ಹುಡುಗಿ ಮುಖ ಅರಳಿಬಿಡ್ತು, ಅವಳಿಗೂ ಗಣಿತನೇ ಕಷ್ಟ. ಮನೇಲಿ ಮುಖಾಮುಖಿ ಕೂರಿಸ್ಕೊಂಡು ಈ ಮಾತು ಆಡೋಕೆ ಆಗ್ತಿತ್ತಾ ಹೇಳ್ರಿ, ಮಧ್ಯದಲ್ಲಿ ಒಂದು ಪುಸ್ತಕ ಇದ್ದಿದ್ದಕ್ಕೆ ಆಯ್ತು.

ಪುಸ್ತಕ ಎಲ್ಲಿಂದ ತರ್ತೀರಿ ಅಂತ ಕೇಳ್ತಾರೆ. ಎಲ್ಲರೂ ಒಂದೊಂದು ಪ್ರತಿ ಕೊಳ್ಳೋದು ಬೇಡ, ಎರಡು ಮನೆಗೆ ಒಂದು ಸಾಕು, ಗ್ರಂಥಾಲಯದ ಕಾರ್ಡ್ ಮಾಡಿಸ್ಕೊಂಡ್ರೆ ಇನ್ನೂ ಒಳ್ಳೇದು. ಓದೋದು ತೀರಾ ಕಷ್ಟ ಇರೋ ಹುಡುಗೀರಿಗೆ ಪ್ರಥಮ್ ಬುಕ್ಸಿನ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಐತೆ, ಕನ್ನಡದ ಚಿತ್ರಕತೆಗಳು ಓದೋ ಮಟ್ಟದ ಪ್ರಕಾರ 1ರಿಂದ 4ನೇ ಹಂತದ ತನಕ ಪುಕ್ಕಟೆ ಸಿಗ್ತಾವೆ, ಡೌನ್‌ಲೋಡ್ ಮಾಡಿ ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸ್ಬೋದು. ಅನುಪಮಾ ನಿರಂಜನ ಅವರ ದಿನಕ್ಕೊಂದು ಕಥೆ ತಿಂಗಳಿಗೊಂದರಂತೆ 12 ಸಂಪುಟ, ತಿಂಗಳಿಗೊಮ್ಮೆ ಸೇರೋ ನಮ್ಮಂಥವರಿಗೆ ಹೇಳಿ ಮಾಡಿಸಿದಂಗೈತೆ. ತೇಜಸ್ವಿಯವರ ಪರಿಸರದ ಕತೆ ಓದಿದ ತಿಂಗಳು ಮನೇಲಿ ಕೂರ್ಲೇ ಇಲ್ಲ, ಬೆಳಿಗ್ಗೆನೇ ಕುಂದವಾಡ ಕೆರೆ ಏರಿ ಮೇಲೆ ಸೇರಿದ್ವಿ, ಹಕ್ಕಿ ನೋಡ್ತಾ ನೋಡ್ತಾ ಮಾತಾಡಿದ್ವಿ.

ತಿಂಡಿ ವಿಷಯದಲ್ಲೂ ಸ್ವಲ್ಪ ಬಿಗಿ ಇರ್ರಿ. ಮಂಡಕ್ಕಿ ಒಗ್ಗರಣೆ ಬಿಟ್ರೆ ಬೇರೇನೂ ಮಾಡ್ಬಾರ್ದು, ಮೆಣಸಿನಕಾಯಿ ಬಜ್ಜಿ ಬೇಕಂದ್ರೆ ಅಂಗಡಿಯಿಂದ ಕಟ್ಟಿಸ್ಕೊಂಡು ಬರೋದು. ಇಲ್ಲಾಂದ್ರೆ ಯಾರ ಮನೇಲಿ ಸೇರಿರ್ತೀವೋ ಅವರು ಬಾಣಲೆ ಮುಂದೆನೇ ನಿಂತಿರ್ತಾರೆ, ಕತೆ ಇಲ್ಲಿ ಮುಗಿದಿರುತ್ತೆ. ಮಾರ್ಚಲ್ಲಿ ಪರೀಕ್ಷೆ ಅಂತ ರಜೆ.

ಎಂಟನೇ ಕ್ಲಾಸಿಗೆ ಬಂದ ಕೂಡ್ಲೇ ಟ್ಯೂಷನ್ ಅಂತ ಹುಡುಗೀರು ಬಿಟ್ಟುಹೋಗ್ತಾರೆ, ಇದೊಂದೇ ನಂಗೆ ನಿಜವಾದ ಚಿಂತೆ. ಅವರಿಗೆ ಪುಸ್ತಕ ಆರಿಸೋ ಜವಾಬ್ದಾರಿ ಕೊಟ್ಟಿದೀವಿ, ಓದೋಕೆ ಟೈಮಿಲ್ಲ ಅಂದವರೂ ಆರಿಸೋಕೆ ಬರ್ತಿದಾರೆ. ಈ ಸಲ ಓಬವ್ವನ ಕತೆ ಅಂದಿದಾರೆ. ಗಂಡ ಊಟಕ್ಕೆ ಕೂತಾಗ ಅವಳು ನೀರಿಗೆ ಹೋಗಿ, ಕಿಂಡೀಲಿ ಹೈದರಾಲಿ ಸೈನಿಕರು ನುಗ್ಗೋದನ್ನ ಕಂಡು ಒನಕೆ ಎತ್ತಿದ್ಲು ಅನ್ನೋದು ಎಲ್ಲರಿಗೂ ಬಾಯಿಪಾಠ, ಆದ್ರೆ ಅವಳು ಗಂಡನ್ನ ಯಾಕೆ ಕರೀಲಿಲ್ಲ ಅನ್ನೋದು ಹುಡುಗೀರ ಪ್ರಶ್ನೆ. ಊಟದ ನಡುವೆ ಎಬ್ಬಿಸ್ಬಾರ್ದು ಅಂತ, ಅಂದ್ರು ಅಜ್ಜಿ. ಹುಡುಗೀರು ಒಪ್ತಿಲ್ಲ. ಕಿಂಡಿ ಮುಂದೆನೇ ನಿಂತು ತೀರ್ಮಾನ ಮಾಡೋಣ ಅಂತ ಮುಂದಿನ ಭಾನುವಾರ ದುರ್ಗಕ್ಕೆ ಬಸ್ಸಲ್ಲಿ ಹೊರಟಿದೀವಿ, ಹೆಚ್ಚುಕಮ್ಮಿ 60 ಕಿಲೋಮೀಟರು. ರೊಟ್ಟಿ ಯಾರು, ಶೇಂಗಾ ಚಟ್ನಿ ಯಾರು ಅಂತ ಗ್ರೂಪಲ್ಲಿ ಲಿಸ್ಟ್ ಓಡ್ತೈತೆ, ಮೊಸರಿಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.